ಮುಕ್ಕಾಲು ಟ್ಯಾಂಕ್ ಇದ್ದರೂ ತಿರುಗಿ ಬಂದ ಕಥೆ

ಲಡಾಖಿನ ಹಾನ್ಲೆಯಲ್ಲಿ ಒಂದು ಬೆಳಗ್ಗೆ ನನ್ನ ಜಿಮ್ನಿಯ ಮೀಟರ್ ಮುಕ್ಕಾಲು ಟ್ಯಾಂಕ್ ಪೆಟ್ರೋಲ್ ತೋರಿಸುತ್ತಿತ್ತು. ಭಾವ ಬಂದು ಅದನ್ನು ನೋಡಿದರು. ಆಮೇಲೆ ಕೆಳಗಿಟ್ಟಿದ್ದ ಎರಡು ಪೆಟ್ರೋಲ್ ಕ್ಯಾನುಗಳನ್ನು ಬೆರಳಿನಿಂದ ತಟ್ಟಿದರು. ಎರಡೂ ಟಣ್ ಎಂದವು.

"ಇದು ಇಲ್ಲೇ ಇರಲಿ ಮಾರಾಯ. ಮುಂದೆ ಬರುವುದು ಬೇಡ."

"ಮುಕ್ಕಾಲು ಟ್ಯಾಂಕ್ ಉಂಟಲ್ಲ ಭಾವ!"

"ಉಂಟು. ಪಂಪ್ ಎಲ್ಲಿ ಉಂಟು?"

ಆ ಮುಕ್ಕಾಲು ಟ್ಯಾಂಕ್ ಯಾಕೆ ಸಾಲಲಿಲ್ಲ ಅನ್ನುವುದನ್ನು ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ತಪ್ಪು ನನ್ನದೇ ಆದ್ದರಿಂದ ಯಾರಿಗೂ ಬೇಜಾರಾಗುವ ಪ್ರಶ್ನೆ ಇಲ್ಲ.

ಜನ ಮತ್ತು ಗಾಡಿ

ನಾವು ಐದು ಜನ. ಕಾಸರಗೋಡಿನ ಪೆರ್ಲದ ಕಡೆಯವರು. ನಾನು, ಅಕ್ಕನ ಗಂಡ, ಅಕ್ಕನ ಮಗ, ಬದಿಯಡ್ಕದ ಇಬ್ಬರು ಸ್ನೇಹಿತರು. ನನ್ನದು ಪೆಟ್ರೋಲ್ ಜಿಮ್ನಿ, ಟ್ಯಾಂಕಿಗೆ 40 ಲೀಟರ್ ಹಿಡಿಯುತ್ತದೆ. ಭಾವನದು ಡೀಸೆಲ್ ಥಾರ್, 57 ಲೀಟರ್. ಭಾವನಿಗೆ ಅಡಿಕೆ ತೋಟದ ಜೊತೆಗೆ ಒಂದು ಜೆಸಿಬಿಯೂ ಉಂಟು. ಆ ಜೆಸಿಬಿ ಈ ಕಥೆಯಲ್ಲಿ ಮತ್ತೆ ಬರುತ್ತದೆ.

ನಮ್ಮ ಊರಿನವರಿಗೆ ಇಂಧನದ ಲೆಕ್ಕ ಹೊಸದಲ್ಲ. ಕೇರಳದಲ್ಲಿ ಪೆಟ್ರೋಲ್ ದುಬಾರಿ. 2023ರ ಏಪ್ರಿಲಿನಿಂದ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಸೇರಿತು. ಹಾಗಾಗಿ ಸಾರಡ್ಕ ದಾಟಿ ವಿಟ್ಲದ ಕಡೆ ಹೋದಾಗ, ಇಲ್ಲವೇ ತಲಪಾಡಿ ದಾಟಿ ಮಂಗಳೂರಿಗೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುವುದು ನಮಗೆ ಅಭ್ಯಾಸ. ಆದರೆ ಅದು ರೂಪಾಯಿಯ ಲೆಕ್ಕ. ಪೆಟ್ರೋಲ್ ಸಿಗುವುದೇ ಇಲ್ಲ ಎಂಬ ಲೆಕ್ಕ ನಾವು ಯಾವತ್ತೂ ಹಾಕಿದವರಲ್ಲ.

ದಾರಿ ಹೀಗಿತ್ತು: ಲೇಹ್‌ನಿಂದ ಸುಮಾರು 35 ಕಿ.ಮೀ. ಈಚೆಗಿರುವ ಕಾರು ಎಂಬ ಊರಿನಲ್ಲಿ ಪಂಪ್ ಉಂಟು. ಅಲ್ಲಿ ತುಂಬಿಸಿ ಚಾಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ದಾಟಿ ಪಾಂಗಾಂಗ್ ಸರೋವರ. ಸರೋವರದ ದಂಡೆ ಹಿಡಿದು ಮೆರಾಕ್, ಚುಶೂಲ್, ಲೋಮಾ, ಹಾನ್ಲೆ. ಹಾನ್ಲೆಯಿಂದ ಉಮ್ಲಿಂಗ್ ಲಾಗೆ ಹೋಗಿ ವಾಪಸ್. ಆಮೇಲೆ ಮಾಹೆ, ತ್ಸೊ ಮೊರಿರಿ ಮತ್ತು ತ್ಸೊ ಕಾರ್ ಸರೋವರಗಳು, ದೇಬ್ರಿಂಗ್, ಕೊನೆಗೆ ಮತ್ತೆ ಕಾರು. ಈ ಮಾಹೆ ಸಿಂಧೂ ದಂಡೆಯದ್ದು, ನಮ್ಮ ಕಣ್ಣೂರು ಪಕ್ಕದ ಮಾಹೆ ಅಲ್ಲ. ಆ ಮಾಹೆ ಆಗಿದ್ದರೆ ಪೆಟ್ರೋಲಿಗೆ ಬರವೇ ಇರುತ್ತಿರಲಿಲ್ಲ. ನನ್ನ ಪುಸ್ತಕದಲ್ಲಿ ಒಟ್ಟು ಸುಮಾರು 830 ಕಿ.ಮೀ. ಆ ಕಡೆ ಈಗೀಗ ಅಲ್ಲೊಂದು ಇಲ್ಲೊಂದು ಪಂಪ್ ಬರುತ್ತಿದೆ, ಹಳ್ಳಿಯ ಮನೆಗಳಲ್ಲಿ ಕ್ಯಾನಿನಲ್ಲಿ ಮಾರುವವರೂ ಇದ್ದಾರೆ. ನಾವು ಅದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟರ ಮಟ್ಟಿಗೆ ಬುದ್ಧಿ ಇತ್ತು.

ನನ್ನ 12, ಭಾವನ ಎರಡೂವರೆ

ಊರಿಂದ ಮನಾಲಿವರೆಗೆ ಹೇಳುವಂಥದ್ದೇನೂ ಇಲ್ಲ. ಮೂರು ಸಾವಿರ ಕಿಲೋಮೀಟರ್ ಹತ್ತಿರ ಹೆದ್ದಾರಿ, ಬೇಕಾದಲ್ಲೆಲ್ಲ ಪಂಪ್. ಅಟಲ್ ಸುರಂಗ ದಾಟಿ ಲಾಹೌಲಿಗೆ ಇಳಿದ ಮೇಲೆ ತಾಂಡಿ ಎಂಬಲ್ಲಿ ಒಂದು ಪಂಪ್ ಉಂಟು. ಮುಂದಿನ ಪಂಪ್ 365 ಕಿ.ಮೀ. ದೂರದಲ್ಲಿ ಎಂದು ಬರೆದ ಅದರ ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಳ್ಳದವರು ಕಡಿಮೆ. ನಾವೂ ತೆಗೆಸಿಕೊಂಡೆವು.

ನನ್ನ ತಪ್ಪು ಶುರುವಾದದ್ದು ಅಲ್ಲಿಂದಲೇ. ತಾಂಡಿಯಲ್ಲಿ ಟ್ಯಾಂಕ್ ತುಂಬಿಸಿದ್ದೆ. ಕಾರುವಿನಲ್ಲಿ ಮತ್ತೆ ತುಂಬಿಸಿದಾಗ 28 ಲೀಟರ್ ಹಿಡಿಯಿತು. ಓಡಿದ್ದು ಸುಮಾರು 330 ಕಿ.ಮೀ. ಅಂದರೆ ಲೀಟರಿಗೆ ಹತ್ತಿರ ಹತ್ತಿರ 12. ಬಾರಾಲಾಚಾ, ನಾಕೀ ಲಾ, ಲಾಚುಂಗ್ ಲಾ, ತಂಗ್ಲಾಂಗ್ ಲಾ ಎಲ್ಲ ಹತ್ತಿ ಇಳಿದ ಮೇಲೂ 12! ಅದಕ್ಕಿಂತ ಕಷ್ಟದ ದಾರಿ ಎಲ್ಲಿಂದ ಬರುತ್ತದೆ ಅಂದುಕೊಂಡೆ. ಮುಂದಿನ 830 ಕಿ.ಮೀ.ಯನ್ನು 12ರಿಂದ ಭಾಗಿಸಿದೆ. 69 ಲೀಟರ್. ಟ್ಯಾಂಕಿನಲ್ಲಿ 40, ಕ್ಯಾನಿನಲ್ಲಿ 30, ಒಟ್ಟು 70. ಒಂದು ಲೀಟರ್ ಉಳಿಯುತ್ತದೆ ಅಂತ ನಕ್ಕದ್ದೂ ಉಂಟು.

ಗಮನಿಸಬೇಕಾದ್ದು ಏನೆಂದರೆ, ಮನಾಲಿ–ಲೇಹ್ ಹೆದ್ದಾರಿ ಈಗ ಬಹುಪಾಲು ಡಾಂಬರು. ನಾನು ಡಾಂಬರಿನಲ್ಲಿ ಸಿಕ್ಕಿದ ಅಂಕಿಯನ್ನು ಮರಳಿಗೆ ಹಾಕಿದ್ದೆ.

ಭಾವನ ಲೆಕ್ಕವೇ ಬೇರೆ. ಜೂನ್ ಮಳೆಯಲ್ಲಿ ಅವರು ಥಾರನ್ನು ರಬ್ಬರ್ ತೋಟದ ಕೆಸರು ಗುಡ್ಡಕ್ಕೆ ಹತ್ತಿಸಿದ್ದರು. ಮೊದಲು ಪಂಪಿನಲ್ಲಿ ಬಾಯಿವರೆಗೆ ತುಂಬಿಸಿ, ಗುಡ್ಡದಲ್ಲಿ ಲೋ ಗೇರಿನಲ್ಲಿ ಸರಿಯಾಗಿ ಎರಡು ಗಂಟೆ ಓಡಿಸಿ, ಅದೇ ಪಂಪಿಗೆ ಬಂದು ಮತ್ತೆ ತುಂಬಿಸಿದರು. ಗಂಟೆಗೆ ಎರಡೂವರೆ ಲೀಟರ್ ಹೋಗಿತ್ತು. ಓಡಿದ್ದು ಗಂಟೆಗೆ 15 ಕಿ.ಮೀ. ಅದೇ ಗಾಡಿ ಘಾಟಿಯ ಡಾಂಬರಿನಲ್ಲಿ ಗಂಟೆಗೆ 30 ಕಿ.ಮೀ. ಹೋಗುವಾಗಲೂ ಕುಡಿಯುವುದು ಹೆಚ್ಚುಕಮ್ಮಿ ಅಷ್ಟೇ.

"ನೋಡು, ಗಂಟೆಗೆ ಕುಡಿಯುವುದು ಎರಡರಲ್ಲೂ ಒಂದೇ. ಹೋಗುವ ದೂರ ಮಾತ್ರ ಅರ್ಧ. ಜೆಸಿಬಿಗೆ ಯಾರಾದರೂ ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ ಹಾಕ್ತಾರಾ?"

ಅವರು 830 ಕಿ.ಮೀ.ಯನ್ನು ಎರಡು ಭಾಗ ಮಾಡಿದರು. ಸುಮಾರು 630 ಕಿ.ಮೀ. ಡಾಂಬರು, ಗಂಟೆಗೆ 30ರಂತೆ 21 ಗಂಟೆ. ಉಳಿದ 200 ಕಿ.ಮೀ. ಮರಳು, ಕಲ್ಲು, ತೊರೆ, ಗಂಟೆಗೆ 15ರಂತೆ 13 ಗಂಟೆ ಚಿಲ್ಲರೆ. ಒಟ್ಟು 34 ಗಂಟೆ, ಗಂಟೆಗೆ ಎರಡೂವರೆಯಂತೆ 85 ಲೀಟರ್. ಅದರ ಮೇಲೆ ನಿಂತಲ್ಲೇ ಎಂಜಿನ್ ಓಡುವ ಸಮಯ ಎಂಟು ಗಂಟೆ, ಗಂಟೆಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಸೇರಿ 92ರ ಹತ್ತಿರ. ಅವರು 20 ಲೀಟರಿನ ಎರಡು ಕ್ಯಾನ್ ಕಟ್ಟಿ ಒಟ್ಟು 97 ಲೀಟರ್ ಡೀಸೆಲ್ ಒಯ್ದರು. ನಿನ್ನ ಗಾಡಿಗೂ ಇನ್ನೊಂದು ಕ್ಯಾನ್ ನನ್ನ ಕ್ಯಾರಿಯರಿನಲ್ಲಿ ಇಡೋಣ ಎಂದು ಹೇಳಿದ್ದೂ ಉಂಟು.

ನಾನು ಬೇಡ ಎಂದೆ. ಕಾರಣ ಎರಡು ಕೊಟ್ಟೆ, ಎರಡೂ ಕೇಳಲು ಚೆನ್ನಾಗಿದ್ದವು. ಮೊದಲನೆಯದು ಭಾರ. 20 ಲೀಟರ್ ಪೆಟ್ರೋಲ್ ಸುಮಾರು 15 ಕೆ.ಜಿ., ಕಬ್ಬಿಣದ ಕ್ಯಾನ್ ಸೇರಿದರೆ 20ರ ಹತ್ತಿರ. ಅದು ಗಾಡಿಯ ನೆತ್ತಿಯ ಮೇಲೆ ಕೂತರೆ ಗಾಡಿ ಓಲಾಡುತ್ತದೆ. ಎರಡನೆಯದು ಕಾನೂನು. 1934ರ ಪೆಟ್ರೋಲಿಯಂ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಒಬ್ಬರು ಸ್ವಂತಕ್ಕೆ ಇಟ್ಟುಕೊಳ್ಳಬಹುದಾದ ಪೆಟ್ರೋಲ್ 30 ಲೀಟರ್. ಅದೂ ಬಿಗಿಯಾದ ಮುಚ್ಚಳದ ಲೋಹದ ಡಬ್ಬದಲ್ಲಿ, ಒಂದು ಡಬ್ಬ 25 ಲೀಟರ್ ಮೀರಬಾರದು. ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಬೇರೆ ವರ್ಗಕ್ಕೆ ಸೇರುತ್ತದೆ, ಅದಕ್ಕೆ ಈ ಬಿಗಿ ಇಲ್ಲ. ಭಾವನ ಹೆಸರಿನಲ್ಲಿ ಇನ್ನೊಂದು 20 ಲೀಟರ್ ಪೆಟ್ರೋಲ್ ಒಯ್ದಿದ್ದರೆ ಕಾನೂನಿನ ತೊಂದರೆ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಜಾಗದಲ್ಲಿ ನನ್ನ ಮಡಚುವ ಕುರ್ಚಿಗಳು ಮತ್ತು ಐಸ್ ಪೆಟ್ಟಿಗೆ ಕೂತಿದ್ದವು. ಸೆಪ್ಟೆಂಬರಿನ ಲಡಾಖಿಗೆ ಐಸ್ ಪೆಟ್ಟಿಗೆ!

ಕಾರುವಿನಿಂದ ಹಾನ್ಲೆ

ಚಾಂಗ್ ಲಾ ಐದು ಸಾವಿರ ಮೀಟರಿಗೂ ಮೇಲೆ. ಹತ್ತುವಾಗ ಹಿಂದಿನ ಸೀಟಿನಲ್ಲಿದ್ದ ಬಾಳೆಕಾಯಿ ಚಿಪ್ಸ್ ಪ್ಯಾಕೆಟ್ಟುಗಳು ಚೆಂಡಿನ ಹಾಗೆ ಉಬ್ಬಿದವು. ಒಂದು ಪಟ್ ಎಂದು ಒಡೆದು ಅಳಿಯ ಬೆಚ್ಚಿಬಿದ್ದ. ನಕ್ಕೆವು. ಆದರೆ ಮೇಲೆ ಕ್ಯಾನಿನ ಒಳಗೂ ಅದೇ ನಡೆಯುತ್ತಿರುತ್ತದೆ. ಹೊರಗಿನ ಗಾಳಿಯ ಒತ್ತಡ ಇಳಿದಾಗ ಒಳಗಿನ ಆವಿ ಹೊರಗೆ ನುಗ್ಗಲು ನೋಡುತ್ತದೆ. ಹಾಗಾಗಿ ಕ್ಯಾನನ್ನು ಕುತ್ತಿಗೆವರೆಗೆ ತುಂಬಬಾರದು, ಮೇಲೆ ಸ್ವಲ್ಪ ಜಾಗ ಬಿಡಬೇಕು. ಮುಚ್ಚಳವನ್ನು ಒಂದೇ ಸಲಕ್ಕೆ ತೆರೆಯಬಾರದು. ಸ್ವಲ್ಪ ಸಡಿಲಿಸಿ, ಬುಸ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಬೇಕು. ಮೆರಾಕಿನಲ್ಲಿ 10 ಲೀಟರಿನ ಕ್ಯಾನ್ ತೆರೆಯುವಾಗ ನಾನು ಅವಸರ ಮಾಡಿದೆ. ಪೆಟ್ರೋಲ್ ಚಿಮ್ಮಿ ಕೈಗವಸು ಒದ್ದೆಯಾಯಿತು. ಆ ಚಳಿಯಲ್ಲಿ ಪೆಟ್ರೋಲ್ ಆರುವಾಗ ಬೆರಳು ಸತ್ತ ಹಾಗಾಗುತ್ತದೆ. ಸ್ಟೌ ದೂರದಲ್ಲಿತ್ತು, ಪುಣ್ಯ.

ಸ್ಟೌ ಅಂದಾಗ ನೆನಪಾಯಿತು. ಅಡುಗೆಯ ಗ್ಯಾಸೂ ಇಂಧನವೇ ಅಲ್ವಾ? ನಾವು ಒಯ್ದದ್ದು ಊರಿನ ಕುಚ್ಚಲಕ್ಕಿ. ಪಾಂಗಾಂಗ್ ಇರುವ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಮೊದಲ ರಾತ್ರಿ ತೆರೆದ ಪಾತ್ರೆಯಲ್ಲಿ ಗಂಜಿಗೆ ಇಟ್ಟೆವು. ಎರಡು ಗಂಟೆ ಕುದಿದರೂ ಅಕ್ಕಿ ಹಲ್ಲಿಗೆ ಸಿಗುತ್ತಿತ್ತು, ಸಿಲಿಂಡರ್ ಹಗುರಾಗುತ್ತಿತ್ತು. ಮರುದಿನದಿಂದ ಕುಕ್ಕರ್. ಬೆಳಗ್ಗೆಯೇ ಅಕ್ಕಿ ನೆನೆಹಾಕಿ, ಸೀಟಿಯಾದ ಮೇಲೆ ಕುಕ್ಕರನ್ನು ಕಂಬಳಿಯಲ್ಲಿ ಸುತ್ತಿಡುತ್ತಿದ್ದೆವು. ಗ್ಯಾಸ್ ಕೊನೆವರೆಗೂ ಬಂತು.

ಪೆಟ್ರೋಲ್ ಮಾತ್ರ ನಾನು ನೋಡದ ಮೂರು ಕಡೆ ಸೋರಿತು. ಮೊದಲನೆಯದು ಮರಳು. ಸ್ಪಾಂಗ್ಮಿಕ್ ದಾಟಿದ ಮೇಲೆ ಮತ್ತು ಲೋಮಾ ಕಡೆಯ ಬಯಲುಗಳಲ್ಲಿ ಸೇರಿ ಸುಮಾರು 90 ಕಿ.ಮೀ. ಹಾಗಿತ್ತು. ಆರು ಗಂಟೆ ಹಿಡಿಯಿತು. ಪೆಟ್ರೋಲ್ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದಿದ್ದರೆ ಆ ತೆಳು ಗಾಳಿಯಲ್ಲಿ ಶಕ್ತಿ ಅರ್ಧದ ಹತ್ತಿರಕ್ಕೆ ಬೀಳುತ್ತದೆ. ತೆಳು ಗಾಳಿಯೊಂದರಿಂದಲೇ ಪೆಟ್ರೋಲ್ ಜಾಸ್ತಿ ಉರಿಯುವುದಿಲ್ಲ. ಶಕ್ತಿ ಸಾಲದೆ ನಾವು ಕೆಳಗಿನ ಗೇರಿನಲ್ಲೇ ಎಂಜಿನ್ನನ್ನು ಕೂಗಿಸುತ್ತಾ ಹೋಗುತ್ತೇವೆ ನೋಡಿ, ಅದು ಕುಡಿಸುತ್ತದೆ. ಥಾರ್‌ಗೆ ಟರ್ಬೊ ಇದ್ದದ್ದರಿಂದ ಈ ಪಾಡು ಅಷ್ಟಾಗಿ ಬರಲಿಲ್ಲ.

ಎರಡನೆಯದು ಹೀಟರ್. ಸಂಜೆ ಐದಾದರೆ ಗಾಳಿ ಚಾಕುವಿನ ಹಾಗೆ ಬೀಸುತ್ತದೆ. ಟೆಂಟ್ ಹಾಕಿ ಆದ ಮೇಲೂ ಗಾಡಿಯೊಳಗೆ ಕೂತು ಎಂಜಿನ್ ಚಾಲೂ ಇಟ್ಟು ಹರಟೆ ಹೊಡೆದೆವು, ಫೋನ್ ಚಾರ್ಜ್ ಮಾಡಿಕೊಂಡೆವು. ಮೂರು ರಾತ್ರಿ ಸೇರಿ ಆರು ಗಂಟೆ. ಸುಮಾರು ಐದು ಲೀಟರ್ ಹಾಗೇ ಹೋಯಿತು, ಒಂದು ಕಿಲೋಮೀಟರೂ ಮುಂದೆ ಹೋಗದೆ. ಮೂರನೆಯದು ಸುಮ್ನೆ ಅಲೆದಾಟ. ಆ ಬಂಡೆ ಹತ್ತಿರ ಹೋಗಿ ಫೋಟೊ ತೆಗೆಯೋಣ ಅನ್ನುವಂಥದ್ದು. ಅದು 20 ಕಿ.ಮೀ. ಆಯಿತು.

ಹಾನ್ಲೆ ತಲುಪಿದಾಗ 320 ಕಿ.ಮೀ. ಆಗಿತ್ತು. ನನ್ನ ಲೆಕ್ಕದಲ್ಲಿ 27 ಲೀಟರ್ ಖರ್ಚಾಗಬೇಕಿತ್ತು. ಖರ್ಚಾದದ್ದು 39.

ಕತ್ತಲೆ ಮತ್ತು ತೆಂಗಿನ ಹಗ್ಗ

ಹಾನ್ಲೆ ನಕ್ಷತ್ರ ನೋಡುವವರ ಊರು. ಇಲ್ಲಿನ ಗುಡ್ಡದ ಮೇಲೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಉಂಟು. ಅದರ ಎರಡು ಮೀಟರಿನ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. 2022ರಲ್ಲಿ ಈ ಸುತ್ತಿನ ಪ್ರದೇಶವನ್ನು ಕತ್ತಲೆ ಆಕಾಶದ ಮೀಸಲು ಎಂದು ಘೋಷಿಸಿದರು. ರಾತ್ರಿ ಹೊರಗೆ ಬೆಳಕು ಹಾಕಬಾರದು, ಗಾಡಿಯ ದೀಪವನ್ನೂ ಹಿಡಿತದಲ್ಲಿಡಬೇಕು.

ನಾವು ರಾತ್ರಿ ಕ್ಯಾನುಗಳನ್ನೆಲ್ಲ ಇಳಿಸಿ ಟೆಂಟಿನಿಂದ ದೂರ ಸಾಲಾಗಿ ಇಡುತ್ತಿದ್ದೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಹರಿಯುತ್ತದೆ. ಟೆಂಟಿಗಿಂತ ತಗ್ಗಿನಲ್ಲಿಡುವುದು ಒಳ್ಳೆಯದು. ಆ ರಾತ್ರಿ ಜಿಮ್ನಿಗೆ ಕೊನೆಯ 20 ಲೀಟರ್ ಹಾಕಬೇಕಿತ್ತು. ಟಾರ್ಚ್ ಬೇಡ ಎಂದು ಅಳಿಯ ಕತ್ತಲಲ್ಲೇ ಕ್ಯಾನ್ ಎತ್ತಿಕೊಂಡು ಬಂದ. ಮೂರು ಕ್ಯಾನೂ ಒಂದೇ ಅಳತೆ, ಒಂದೇ ಹಸಿರು ಬಣ್ಣ. ಮುಚ್ಚಳ ತೆಗೆದದ್ದೇ ಭಾವ ಕೂಗಿದರು: "ನಿಲ್ಲು ನಿಲ್ಲು! ಅದು ಡೀಸೆಲ್ ವಾಸನೆ." ಪೆಟ್ರೋಲ್ ಗಾಡಿಗೆ ಆ ಡೀಸೆಲ್ ಬಿದ್ದಿದ್ದರೆ ಅಲ್ಲೇ ಟ್ಯಾಂಕ್ ಬಿಚ್ಚಬೇಕಾಗುತ್ತಿತ್ತು.

ಎರಡು ಗಾಡಿ ಎರಡು ಇಂಧನ ಎಂದರೆ ಈ ತೊಂದರೆ ಉಂಟು. ಒಬ್ಬರದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ಅದಲುಬದಲಾದರೆ ಎರಡೂ ನಷ್ಟ. ಕೂಡಲೇ ಭಾವ ಸಾಮಾನು ಕಟ್ಟಲು ತಂದಿದ್ದ ತೆಂಗಿನ ನಾರಿನ ಹಗ್ಗವನ್ನು ಕತ್ತರಿಸಿ ಡೀಸೆಲ್ ಕ್ಯಾನುಗಳ ಹಿಡಿಗೆ ಸುತ್ತಿದರು. ಬಣ್ಣ ಬಳಿದಿದ್ದರೆ ಕತ್ತಲಲ್ಲಿ ಕಾಣುತ್ತಿರಲಿಲ್ಲ. ಹಗ್ಗ ಕೈಗೆ ಚುಚ್ಚುತ್ತದೆ.

ಹಾನ್ಲೆಯ ಬೆಳಗ್ಗೆ

ಈಗ ಮೊದಲಿನ ದೃಶ್ಯಕ್ಕೆ ಬರೋಣ. ಟ್ಯಾಂಕಿನಲ್ಲಿ 31 ಲೀಟರ್. ಮುಂದಿನ ದಾರಿ ಉಮ್ಲಿಂಗ್ ಲಾ ಹೋಗಿ ಬರಲು ಸುಮಾರು 165, ಆಮೇಲೆ ತ್ಸೊ ಮೊರಿರಿ ಸುತ್ತಿ ಕಾರುವಿಗೆ 365. ಒಟ್ಟು 530 ಕಿ.ಮೀ. ನನ್ನದೇ 12ರ ಲೆಕ್ಕ ಹಿಡಿದರೂ 44 ಲೀಟರ್ ಬೇಕು. ಭಾವನ ಗಂಟೆ ಲೆಕ್ಕದಲ್ಲಿ 54. ಮೀಟರ್ ಮುಕ್ಕಾಲು ತೋರಿಸಿದರೆ ಹೊಟ್ಟೆ ತುಂಬಿದ ಹಾಗೆ ಅನಿಸುತ್ತದೆ. ಊರಿನಲ್ಲಾದರೆ ಮುಕ್ಕಾಲು ಟ್ಯಾಂಕಿನಲ್ಲಿ ಮೈಸೂರಿಗೆ ಹೋಗಬಹುದು. ಇಲ್ಲಿ ಅದು ಕಡಿಮೆ ಬಿದ್ದ 23 ಲೀಟರ್.

ಮೊದಲ ತೀರ್ಮಾನ: ಜಿಮ್ನಿ ಹಾನ್ಲೆಯಲ್ಲೇ ನಿಲ್ಲಬೇಕು. ಥಾರಿನಲ್ಲಿ ಮೂವರು ಉಮ್ಲಿಂಗ್ ಲಾಗೆ ಹೋಗಿಬರಬೇಕು. 19,024 ಅಡಿ ಎತ್ತರಕ್ಕೆ ಗಡಿ ರಸ್ತೆ ಸಂಸ್ಥೆ ಹಾಕಿದ ಆ ರಸ್ತೆಗೆ 2021ರಲ್ಲಿ ಗಿನ್ನೆಸ್ ದಾಖಲೆ ಸಿಕ್ಕಿತ್ತು. ಅದಕ್ಕಾಗಿಯೇ ನಾನು ಈ ಪ್ರವಾಸ ಶುರುಮಾಡಿದ್ದು. ಯಾರು ಹೋಗುವುದು ಎಂಬ ಚರ್ಚೆ ಬೇಗ ಮುಗಿಯಿತು. ಒಬ್ಬ ಸ್ನೇಹಿತನಿಗೆ ಹಿಂದಿನ ರಾತ್ರಿಯಿಂದ ತಲೆನೋವು, ವಾಕರಿಕೆ. ಅವನು ಮೇಲೆ ಹೋಗುವ ಹಾಗಿರಲಿಲ್ಲ. ಅವನ ಜೊತೆ ಒಬ್ಬರು ಇರಬೇಕಲ್ಲ? ಲೆಕ್ಕ ತಪ್ಪಿದವನೇ ಇರಲಿ ಎಂದು ನಾನೇ ಉಳಿದೆ.

ಆ ದಿನ ಊರಿನಲ್ಲಿ ವಿಚಾರಿಸಿ ಒಂದು ಮನೆಯಿಂದ 10 ಲೀಟರ್ ಪೆಟ್ರೋಲ್ ತೆಗೆದುಕೊಂಡೆ. ಪಂಪಿನ ದರಕ್ಕಿಂತ ಜಾಸ್ತಿ ಕೊಟ್ಟೆ, ಅದು ನ್ಯಾಯವೇ. ಅಷ್ಟು ದೂರದಿಂದ ಹೊತ್ತು ತಂದದ್ದು. ಮೊದಲು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿದು ನೋಡಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಎಥೆನಾಲ್ ನೀರನ್ನು ಹೀರುತ್ತದೆ. ನೀರು ಜಾಸ್ತಿಯಾದರೆ ಬಾಟಲಿಯ ತಳದಲ್ಲಿ ಬೇರೆ ಪದರ ಕಾಣುತ್ತದೆ. ಇದು ತಿಳಿಯಾಗಿತ್ತು. ಆದರೂ ಪಂಚೆಯ ತುಂಡಿನಲ್ಲಿ ಸೋಸಿ ಹಾಕಿದೆ, ಕಸ ಇದ್ದರೆ ನಿಲ್ಲಲಿ ಅಂತ.

ಸಂಜೆ ಥಾರ್ ವಾಪಸ್ ಬಂತು. ಅಳಿಯ ಫೋಟೊ ತೋರಿಸಿದ. ನೋಡಿದೆ.

ಮಾಹೆಯ ಕವಲು

ಮರುದಿನ ಹಾನ್ಲೆ ಬಿಟ್ಟು ಸುಮಾರು 95 ಕಿ.ಮೀ. ಬಂದು ಮಾಹೆ ಸೇತುವೆಯ ಹತ್ತಿರ ನಿಂತೆವು. ಎಡಕ್ಕೆ ಸೇತುವೆ ದಾಟಿದರೆ ತ್ಸೊ ಮೊರಿರಿ. ನೇರ ಹೋದರೆ ಸಿಂಧೂ ನದಿಯ ಜೊತೆಗೇ ಚುಮಥಾಂಗ್, ಉಪ್ಶಿ, ಕಾರು. ನೇರ ದಾರಿ ಸುಮಾರು 125 ಕಿ.ಮೀ., ಪೂರ್ತಿ ಡಾಂಬರು. ಎಡದ ಸುತ್ತು 270. ಅದರಲ್ಲಿ 60ರಷ್ಟು ಕಚ್ಚಾ ದಾರಿ.

ಗಾಡಿಯಲ್ಲಿ 32 ಲೀಟರ್ ಉಳಿದಿತ್ತು. ಎಡಕ್ಕೆ ಹೋದರೆ 11 ಗಂಟೆ, ಇಪ್ಪತ್ತೇಳೂವರೆ ಲೀಟರ್. ಸಾಕಲ್ಲ ಎಂದೆ. ಭಾವ ಪುಸ್ತಕ ತೆಗೆದು ತೋರಿಸಿದರು. ಊರಿನಲ್ಲೇ ನಾವು ಐದೂ ಜನ ಸೇರಿ ಬರೆದದ್ದು: ಯಾವ ಹಂತ ಶುರುಮಾಡುವಾಗಲೂ ಆ ಹಂತಕ್ಕೆ ಬೇಕಾದದ್ದರ ಕಾಲು ಭಾಗ ಜಾಸ್ತಿ ಇರಬೇಕು. ಇಲ್ಲದಿದ್ದರೆ ಚಿಕ್ಕ ದಾರಿ. ಇಪ್ಪತ್ತೇಳೂವರೆಗೆ ಕಾಲು ಭಾಗ ಏಳು. ಒಟ್ಟು ಮೂವತ್ತನಾಲ್ಕೂವರೆ.

"ಎರಡೂವರೆ ಲೀಟರ್ ಭಾವ! ಎರಡೂವರೆ ಲೀಟರಿಗೆ ತ್ಸೊ ಮೊರಿರಿ ಬಿಡುವುದಾ?"

"ಎರಡೂವರೆ ಲೀಟರ್ ಅಂದ್ರೆ ಒಂದು ಗಂಟೆ. ರಾತ್ರಿ ಇವನಿಗೆ ಉಸಿರು ಹಿಡಿದುಕೊಂಡರೆ ಆ ಒಂದು ಗಂಟೆ ಎಲ್ಲಿಂದ ತರ್ತೀಯ?"

ಸ್ನೇಹಿತ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತಲೆನೋವು ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ತ್ಸೊ ಮೊರಿರಿಯೂ 4,500 ಮೀಟರ್ ಎತ್ತರದಲ್ಲೇ ಇರುವುದು. ಅಲ್ಲಿಂದ ಅವನನ್ನು ಕೆಳಗಿಳಿಸಬೇಕಾದರೆ ಅದೇ ದಾರಿ, ಅದೇ ಪೆಟ್ರೋಲ್. ಆ ಏಳು ಲೀಟರನ್ನು ನಾನು ಅಲ್ಲಿವರೆಗೆ ರಸ್ತೆಗೆ ಅಂದುಕೊಂಡಿದ್ದೆ. ಭಾವ ಅದನ್ನು ಅವನ ಹೆಸರಿಗೆ ಬರೆದಿದ್ದರು.

ಥಾರ್ ಒಂದೇ ಹೋಗಿಬರಬಹುದಿತ್ತು, ಅದರಲ್ಲಿ ಡೀಸೆಲ್ ಇತ್ತು. ಎರಡು ಗಾಡಿ ಬೇರೆಯಾಗುವುದು ಬೇಡ ಎಂದು ಭಾವನೇ ಹೇಳಿದರು. ನೇರ ಹೋದೆವು.

ಕಾರುವಿನಲ್ಲಿ ಟ್ಯಾಂಕ್ ತುಂಬಿಸಿದಾಗ ಹತ್ತೊಂಬತ್ತು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯಿತು. ಅಂದರೆ 21 ಲೀಟರ್ ಇನ್ನೂ ಇತ್ತು. ಎಡಕ್ಕೆ ಹೋಗಿದ್ದರೂ ನಾಲ್ಕು ಲೀಟರ್ ಉಳಿಸಿಕೊಂಡು ಬಂದುಬಿಡುತ್ತಿದ್ದೆ ಎಂಬ ಲೆಕ್ಕವನ್ನು ನಾನು ಈಗಲೂ ಆಗಾಗ ಹಾಕುತ್ತೇನೆ. ಭಾವನ ಎದುರು ಹಾಕುವುದಿಲ್ಲ.

ಮುಂದಿನ ಸಲಕ್ಕೆ ಜಿಮ್ನಿಯನ್ನೂ ರಬ್ಬರ್ ಗುಡ್ಡಕ್ಕೆ ಹತ್ತಿಸಿ ನೋಡಿದೆ. ಬಾಯಿವರೆಗೆ ತುಂಬಿಸಿ, ಎರಡು ಗಂಟೆ ಓಡಿಸಿ, ಮತ್ತೆ ತುಂಬಿಸಿದೆ. ಐದು ಲೀಟರ್ ಮತ್ತು ಒಂದು ಚೂರು. ಐಸ್ ಪೆಟ್ಟಿಗೆಯನ್ನು ಅಕ್ಕ ಮಜ್ಜಿಗೆ ಇಡಲು ತೆಗೆದುಕೊಂಡು ಹೋಗಿದ್ದಾಳೆ. 10 ಲೀಟರಿನ ಕ್ಯಾನ್ ಈಗ ತೋಟದ ಶೆಡ್ಡಿನಲ್ಲಿದೆ, ಹುಲ್ಲು ಕತ್ತರಿಸುವ ಮೆಷಿನ್ನಿನ ಪೆಟ್ರೋಲಿಗೆ. ಆ ಮೆಷಿನ್ ತರುವ ಆಳು ಬಂದು ಮೊದಲು ಕೇಳುವುದು ಇವತ್ತು ಎಷ್ಟು ಗಂಟೆ ಕೆಲಸ ಅಂತ. ಆಮೇಲೆಯೇ ಪೆಟ್ರೋಲ್ ಅಳೆಯುತ್ತಾನೆ.